ಅನಿಮಿಷ ಯಂತ್ರ, ಎವೆಯಿಕ್ಕುವ ಮನುಷ್ಯ

‘ನಿಮಿಷ’ ಎಂಬ ಮಾತಿಗೆ ಸಂಸ್ಕೃತದಲ್ಲಿ ಮೊದಲಿನ ಅರ್ಥ ಕಣ್ಣೆವೆ ಇಕ್ಕುವುದು, ಅದಕ್ಕೆ ಹಿಡಿಯುವ ಹೊತ್ತು. ಎವೆಯಿಕ್ಕದ ದೇವತೆಗಳು ಆ ಕಾರಣದಿಂದಲೇ ಅನಿಮಿಷರು. ಅಷ್ಟು ಕಿರಿದಾದ ಕಾಲಕ್ಕೆ ಇದ್ದ ಹೆಸರನ್ನು ಗಡಿಯಾರ ಬಂದ ಮೇಲೆ ನಾವು ಅರವತ್ತು ಸೆಕೆಂಡುಗಳಿಗೆ ಕೊಟ್ಟುಬಿಟ್ಟೆವು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ತಳದಲ್ಲಿ ಸಣ್ಣ ರಂಧ್ರವಿದ್ದ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗಿದಾಗ ಒಂದು ಗಳಿಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷ, ಕಳೆಯಿತೆಂದು ಮುಹೂರ್ತವನ್ನು ನೋಡುತ್ತಿದ್ದ ಕಾಲದಲ್ಲಿ ಎವೆಯಿಕ್ಕುವಷ್ಟು ಹೊತ್ತನ್ನು ಅಳೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಆ ಬಟ್ಟಲಿಗೆ ಒಂದು ದೊಡ್ಡ ಗುಣವಿತ್ತು: ತನಗೆ ತಿಳಿಯದುದನ್ನು ಅದು ಹೇಳುತ್ತಿರಲಿಲ್ಲ.

ಇಂದು ಶಾಲೆಯ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಸ್ಟಾಪ್‌ವಾಚ್ ತಂತ್ರಾಂಶ ಬಿಟ್ಟಿಯಾಗಿ ದೊರೆಯುತ್ತದೆ. ಕೀಲಿ ಒತ್ತಿದರೆ ಅಂಕಿಗಳು ಓಡುತ್ತವೆ. ಮತ್ತೆ ಒತ್ತಿದರೆ ನಿಲ್ಲುತ್ತವೆ. ಒಂದು ಮೀಟರ್ ಉದ್ದದ ಲೋಲಕವನ್ನು ತೂಗಿಬಿಟ್ಟ ವಿದ್ಯಾರ್ಥಿ ಅದರ ಒಂದು ಆಂದೋಲನಕ್ಕೆ ‘೨.೧೩೭ ಸೆಕೆಂಡು’ ಎಂದು ತೆರೆಯನ್ನು ನೋಡಿ ಬರೆದುಕೊಳ್ಳುತ್ತಾನೆ. ಕ್ರೀಡಾದಿನದಂದು ಡ್ರಿಲ್ ಮೇಷ್ಟರು ಲ್ಯಾಪ್‌ಟಾಪನ್ನು ಮೈದಾನಕ್ಕೆ ಒಯ್ದು, ಬೇರೆ ಬೇರೆ ಸರದಿಯಲ್ಲಿ ನೂರು ಮೀಟರ್ ಓಡಿದ ಇಬ್ಬರಲ್ಲಿ ೧೩.೪೨೬ ಸೆಕೆಂಡಿನ ಹುಡುಗಿಗೆ ಮೊದಲ ಬಹುಮಾನವನ್ನೂ ೧೩.೪೩೧ರ ಹುಡುಗಿಗೆ ಎರಡನೆಯದನ್ನೂ ಕೊಡಿಸುತ್ತಾರೆ. ದಶಾಂಶ ಬಿಂದುವಿನ ಬಲಗಡೆ ಮೂರು ಅಂಕಿಗಳು ಹೊಳೆಯುತ್ತಿರುವಾಗ ಅವಕ್ಕೆ ಎದುರಾಡುವ ಧೈರ್ಯ ಯಾರಿಗಿದೆ? ಆದರೂ ಒಂದು ಪ್ರಶ್ನೆಯನ್ನು ಕೇಳಲೇಬೇಕು. ೨.೧೩೭ರಲ್ಲಿರುವ ಆ ೭ ಯಾರದು? ಲೋಲಕದ್ದೇ, ಯಂತ್ರದ್ದೇ, ಹುಡುಗನ ಬೆರಳಿನದೇ?

ಸ್ಫಟಿಕದ ಪ್ರಾಮಾಣಿಕತೆ

ಮೊದಲು ಯಂತ್ರದ ಕಡೆಯ ಲೆಕ್ಕವನ್ನು ನೋಡೋಣ. ಕಂಪ್ಯೂಟರಿನ ಗಡಿಯಾರಕ್ಕೆ ಆಧಾರ ಒಂದು ಕ್ವಾರ್ಟ್ಸ್ ಸ್ಫಟಿಕದ ಚೂರು. ವಿದ್ಯುತ್ತಿನ ಪ್ರೇರಣೆಯಿಂದ ಅದು ಕಟ್ಟುನಿಟ್ಟಾದ ವೇಗದಲ್ಲಿ ಕಂಪಿಸುತ್ತದೆ. ಕೈಗಡಿಯಾರದಲ್ಲಿಯೂ, ಕಂಪ್ಯೂಟರಿನ ದಿನಾಂಕ ವೇಳೆಗಳನ್ನು ಕಾಯುವ ಭಾಗದಲ್ಲಿಯೂ ಇರುವ ಸ್ಫಟಿಕ ಸಾಮಾನ್ಯವಾಗಿ ಸೆಕೆಂಡಿಗೆ ೩೨,೭೬೮ ಸಲ ಮಿಡಿಯುವಂಥದು. ಹದಿನೈದು ಎರಡುಗಳನ್ನು ಗುಣಿಸಿದರೆ ಬರುವ ಸಂಖ್ಯೆ ಇದು. ಆದ್ದರಿಂದ ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ಉಳಿಯುತ್ತದೆ. ಇಂಥ ಸ್ಫಟಿಕ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿತೆಂದು ಇಟ್ಟುಕೊಂಡರೂ ಇಡೀ ದಿನದಲ್ಲಿ ಆಗುವ ವ್ಯತ್ಯಾಸ ಒಂದೂಮುಕ್ಕಾಲು ಸೆಕೆಂಡು. ಹತ್ತು ಸೆಕೆಂಡಿನ ಓಟದಲ್ಲಿ ೦.೦೦೦೨ ಸೆಕೆಂಡು. ಸ್ಫಟಿಕದ ಮೇಲೆ ದೂರು ಹೇಳಲು ಆಸ್ಪದವಿಲ್ಲ.

ಆದರೆ ಸ್ಫಟಿಕದ ಎಣಿಕೆ ತೆರೆಯ ಮೇಲಿನ ಅಂಕಿಯಾಗುವುದಕ್ಕೆ ಹಲವು ಕೈಗಳನ್ನು ದಾಟಿ ಬರಬೇಕು. ೧೯೮೧ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹೊತ್ತನ್ನು ಎಣಿಸುವ ಗಂಟೆ ಸೆಕೆಂಡಿಗೆ ಸುಮಾರು ೧೮.೨ ಸಲ ಮಾತ್ರ ಬಾರಿಸುತ್ತಿತ್ತು. ಆ ಗಂಟೆಯನ್ನೇ ನಂಬಿದ ತಂತ್ರಾಂಶ ನೂರರಲ್ಲೊಂದು ಸೆಕೆಂಡನ್ನು ತೋರಿಸುವಂತೆ ಕಂಡರೂ ಅದರ ಅಂಕಿಗಳು ಐದೈದು, ಆರಾರು ಹೆಜ್ಜೆಗಳನ್ನು ಒಮ್ಮೆಗೇ ಜಿಗಿಯುತ್ತಿದ್ದವು. ವಿಂಡೋಸ್ ವ್ಯವಸ್ಥೆಯ ಸಾಮಾನ್ಯ ಗಂಟೆ ಸೆಕೆಂಡಿಗೆ ೬೪ ಸಲ, ಎಂದರೆ ಸುಮಾರು ೧೫.೬ ಮಿಲಿಸೆಕೆಂಡಿಗೊಮ್ಮೆ. (ಮಿಲಿಸೆಕೆಂಡು ಎಂಬುದು ಸೆಕೆಂಡಿನ ಸಾವಿರದಲ್ಲೊಂದು ಪಾಲು.) ಈಗಿನ ಯಂತ್ರಗಳಲ್ಲಿ ಇದಕ್ಕಿಂತ ಬಹಳ ಸೂಕ್ಷ್ಮವಾದ ಎಣಿಕೆಯ ಸಾಧನವೂ ಇದೆ, ಒಳ್ಳೆಯ ತಂತ್ರಾಂಶ ಅದನ್ನೇ ವಿಚಾರಿಸುತ್ತದೆ. ಯಾವುದನ್ನು ವಿಚಾರಿಸಿತೆಂಬುದು ಮಾತ್ರ ತೆರೆಯ ಮೇಲೆ ಕಾಣುವುದಿಲ್ಲ. ಬ್ರೌಸರಿನೊಳಗೆ ಓಡುವ ಸ್ಟಾಪ್‌ವಾಚಿಗಂತೂ ಇನ್ನೊಂದು ಕಟ್ಟು ಬಿದ್ದಿದೆ. ಅತಿ ಸೂಕ್ಷ್ಮವಾದ ಕಾಲಮಾಪನ ಯಂತ್ರದೊಳಗಿನ ಗುಟ್ಟುಗಳನ್ನು ಕದಿಯುವುದಕ್ಕೂ ಒದಗುತ್ತದೆಂದು ೨೦೧೮ರ ಜನವರಿಯಲ್ಲಿ ಬಹಿರಂಗವಾದಾಗ, ಬ್ರೌಸರುಗಳನ್ನು ತಯಾರಿಸುವವರು ತಮ್ಮ ಗಡಿಯಾರದ ಮೊನೆಯನ್ನು ಬೇಕೆಂದೇ ಮೊಂಡು ಮಾಡಿದರು.

ಇನ್ನೂ ಒಂದು ಭೇದವನ್ನು ತಿಳಿದಿರುವುದು ಒಳ್ಳೆಯದು. ಹೊತ್ತು ಹೇಳುವ ಗಡಿಯಾರ ಬೇರೆ, ಅವಧಿಯನ್ನು ಅಳೆಯುವ ಗಡಿಯಾರ ಬೇರೆ. ಮೊದಲನೆಯದನ್ನು ಜಾಲದ ಮೂಲಕ ಆಗಾಗ ತಿದ್ದುತ್ತಿರುತ್ತಾರೆ. ತಿದ್ದುವಾಗ ಅದು ಮುಂದಕ್ಕೂ ಸರಿಯಬಹುದು, ಹಿಂದಕ್ಕೂ ಸರಿಯಬಹುದು. ಎರಡನೆಯದು ಮುಂದಕ್ಕೆ ಮಾತ್ರ ನಡೆಯುತ್ತದೆ. ಭೂಮಿಯ ತಿರುಗಾಟದೊಡನೆ ಲೆಕ್ಕವನ್ನು ಸರಿದೂಗಿಸಲು, ನಮ್ಮ ಪಂಚಾಂಗದ ಅಧಿಕಮಾಸದ ಹಾಗೆ, ೨೦೧೬ರ ಡಿಸೆಂಬರ್ ೩೧ರ ಕೊನೆಗೆ ವಿಶ್ವಕಾಲಕ್ಕೆ ಒಂದು ಅಧಿಕ ಸೆಕೆಂಡನ್ನು ಸೇರಿಸಿದರು. ಭಾರತದಲ್ಲಿ ಆಗ ಹೊಸ ವರ್ಷದ ಬೆಳಗಿನ ಐದೂವರೆ ಗಂಟೆ. ಅದೇ ಕ್ಷಣದಲ್ಲಿ ಕ್ಲೌಡ್‌ಫ್ಲೇರ್ ಎಂಬ ಅಂತರಜಾಲ ಸಂಸ್ಥೆಯ ಕೆಲವು ಯಂತ್ರಗಳಲ್ಲಿ, ಈಗಿನ ವೇಳೆಯಿಂದ ಆಗಿನ ವೇಳೆಯನ್ನು ಕಳೆದು ಅವಧಿಯನ್ನು ಕಂಡುಕೊಳ್ಳುತ್ತಿದ್ದ ತಂತ್ರಾಂಶಕ್ಕೆ ಸೊನ್ನೆಗಿಂತ ಕಡಿಮೆಯಾದ ಉತ್ತರ ಬಂದಿತು. ಕಾಲ ಹಿಂದಕ್ಕೆ ಹೋಗಲಾರದೆಂದು ನಂಬಿ ಬರೆದಿದ್ದ ಆ ತಂತ್ರಾಂಶ ಅಲ್ಲಿಯೇ ಕುಸಿಯಿತು. ಹೊತ್ತು ಹೇಳುವ ಗಡಿಯಾರವನ್ನು ನಂಬಿದ ಸ್ಟಾಪ್‌ವಾಚಿಗೂ ಈ ಅಪಾಯ ತಪ್ಪಿದ್ದಲ್ಲ. ತನ್ನ ಗಂಟೆಗಳನ್ನೇ ಒಂದೊಂದಾಗಿ ಎಣಿಸಿಕೊಂಡು ಹೋಗುವ ಸ್ಟಾಪ್‌ವಾಚೂ ಉಂಟು. ನೀವು ಬ್ರೌಸರಿನಲ್ಲಿ ಬೇರೊಂದು ಪುಟವನ್ನು ತೆರೆದು ಕುಳಿತರೆ ಅದು ಹಿಂದೆ ತೂಕಡಿಸುತ್ತದೆ. ಹತ್ತು ನಿಮಿಷ ಹಾಗೆ ಬಿಟ್ಟು, ಕೈಗಡಿಯಾರದೊಡನೆ ತಾಳೆ ನೋಡಿದರೆ ಅದರ ಬಂಡವಾಳ ತಿಳಿಯುತ್ತದೆ.

ಬೆರಳಿನ ಪಾಲು

ಯಂತ್ರದ ದೋಷಗಳು ಇಷ್ಟಾದರೂ ಅವೆಲ್ಲ ಮಿಲಿಸೆಕೆಂಡುಗಳ ಮಾತು. ಹಲವು ಸಾಮಾನ್ಯ ಕೀಲಿಮಣೆಗಳನ್ನು ಕಂಪ್ಯೂಟರು ಸೆಕೆಂಡಿಗೆ ೧೨೫ ಸಲ, ಎಂದರೆ ಎಂಟು ಮಿಲಿಸೆಕೆಂಡಿಗೊಮ್ಮೆ, ವಿಚಾರಿಸುತ್ತದೆ. ಸಾಮಾನ್ಯ ತೆರೆ ಸೆಕೆಂಡಿಗೆ ೬೦ ಸಲ ಚಿತ್ರವನ್ನು ಬದಲಿಸುತ್ತದೆ; ಆದ್ದರಿಂದ ಓಡುವ ಮೂರನೆಯ ದಶಾಂಶವನ್ನು ತೆರೆಯೇ ಪೂರ್ತಿಯಾಗಿ ತೋರಿಸಲಾರದು. ಆದರೆ ಮನುಷ್ಯನ ಕಣ್ಣು ಕಂಡದ್ದನ್ನು ಬೆರಳು ಮಾಡಿ ತೋರಿಸುವುದಕ್ಕೆ ಹಿಡಿಯುವ ಕಾಲ ಸುಮಾರು ಇನ್ನೂರು ಮಿಲಿಸೆಕೆಂಡು. ಆ ಇನ್ನೂರಾದರೂ ಸ್ಥಿರವಲ್ಲ. ದಣಿವು, ನಿರೀಕ್ಷೆ, ಗಮನಗಳಿಗೆ ತಕ್ಕಂತೆ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಸೌದೆ ತೂಗಿ, ಲೆಕ್ಕವನ್ನು ಗುಲಗಂಜಿಗಳಲ್ಲಿ ಬರೆದುಕೊಂಡ ಹಾಗಾಯಿತು.

ಈ ಸತ್ಯವನ್ನು ಕಂಡುಕೊಳ್ಳುವ ಮೊದಲು ಒಬ್ಬನು ತನ್ನ ಕೆಲಸವನ್ನೇ ಕಳೆದುಕೊಂಡ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ರಾಜಖಗೋಳಜ್ಞ ಮ್ಯಾಸ್ಕೆಲೈನನಿಗೆ ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕನಿದ್ದ. ಗಡಿಯಾರದ ಟಿಕ್ ಸದ್ದನ್ನು ಕಿವಿಯಿಂದ ಎಣಿಸುತ್ತ, ದೂರದರ್ಶಕದ ಎಳೆಯನ್ನು ನಕ್ಷತ್ರ ದಾಟುವ ಕ್ಷಣವನ್ನು ಕಣ್ಣಿನಿಂದ ಗುರುತಿಸುವುದು ಅವನ ಕೆಲಸ. ಅವನು ಗುರುತಿಸಿದ ವೇಳೆ ಯಜಮಾನನದಕ್ಕಿಂತ ಸುಮಾರು ೦.೮ ಸೆಕೆಂಡು ತಡವಾಗಿ ಬರುತ್ತಿತ್ತು. ಅಜಾಗರೂಕನೆಂದು ೧೭೯೬ರಲ್ಲಿ ಅವನನ್ನು ಬಿಡಿಸಿದರು. ೧೮೨೦ರ ದಶಕದಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ ಆ ಪ್ರಸಂಗವನ್ನು ಕೆದಕಿ, ತನ್ನನ್ನೂ ಇತರ ನುರಿತ ಖಗೋಳಜ್ಞರನ್ನೂ ಹೋಲಿಸಿ ನೋಡಿದಾಗ, ಎಚ್ಚರದಿಂದ ನೋಡುವ ಇಬ್ಬರ ವೇಳೆಗಳೂ ಒಂದಕ್ಕೊಂದು ಕೂಡಿಬರುವುದಿಲ್ಲವೆಂಬುದು ಸ್ಪಷ್ಟವಾಯಿತು. ತಪ್ಪು ಕಿನ್ನೆಬ್ರೂಕನ ನಡತೆಯದಲ್ಲ; ಮನುಷ್ಯನ ನರಮಂಡಲದ್ದು. ಅಷ್ಟು ಹೊತ್ತಿಗೆ ಅವನಿಗೆ ಅದರಿಂದ ಆಗಬೇಕಾದುದು ಏನೂ ಉಳಿದಿರಲಿಲ್ಲ.

ಓಟದ ಮೈದಾನದಲ್ಲಿ ಈ ದೋಷಕ್ಕೆ ಒಂದು ಓರೆಯೂ ಇದೆ. ಪಿಸ್ತೂಲಿನ ಹೊಗೆ ಅಥವಾ ಮಿಂಚನ್ನು ಕಂಡು ಗುಂಡಿ ಒತ್ತುವವನು ಆರಂಭದಲ್ಲಿ ತಡ ಮಾಡುತ್ತಾನೆ. (ಸದ್ದಿಗಾಗಿ ಕಾದರೆ ಇನ್ನೂ ತಡ, ನೂರು ಮೀಟರಿನಾಚೆಯಿಂದ ಸದ್ದು ಬರುವುದಕ್ಕೆ ಸುಮಾರು ೦.೩ ಸೆಕೆಂಡು ಬೇಕು.) ಕೊನೆಯಲ್ಲಾದರೋ ಓಟಗಾರ ಬರುವುದು ಮೊದಲೇ ಕಾಣುತ್ತಿರುವುದರಿಂದ ಬೆರಳು ತಡ ಮಾಡುವುದಿಲ್ಲ. ಹೀಗಾಗಿ ಕೈಯಿಂದ ಅಳೆದ ವೇಳೆ ನಿಜಕ್ಕಿಂತ ಕಡಿಮೆ ಬರುತ್ತದೆ. ನೂರು, ಇನ್ನೂರು ಮೀಟರಿನ ಕೈವೇಳೆಯನ್ನು ವಿದ್ಯುತ್ ವೇಳೆಯೊಡನೆ ಹೋಲಿಸುವಾಗ ೦.೨೪ ಸೆಕೆಂಡನ್ನು ಕೂಡಿಸುವ ರೂಢಿ ಬಂದಿರುವುದು ಇದರಿಂದಲೇ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮವೂ ವಿವೇಕದ್ದು: ಟ್ರ್ಯಾಕಿನಲ್ಲಿ ಕೈಯಿಂದ ಅಳೆದ ವೇಳೆಯನ್ನು ಮುಂದಿನ ದಶಮಾಂಶಕ್ಕೆ ಏರಿಸಿ ಬರೆಯಬೇಕು, ೧೦.೧೧ ಎಂದರೆ ೧೦.೨. ತಾನು ಸಂಪಾದಿಸದ ಅಂಕಿಯನ್ನು ಇಟ್ಟುಕೊಳ್ಳಬಾರದೆಂಬುದೇ ಇದರ ತಾತ್ಪರ್ಯ.

ಬೆರಳನ್ನು ಗೆಲ್ಲುವ ಬಗೆ

ಹಾಗಾದರೆ ಕಂಪ್ಯೂಟರಿನ ಸ್ಟಾಪ್‌ವಾಚ್ ವ್ಯರ್ಥವೇ? ಖಂಡಿತ ಅಲ್ಲ. ಲೋಲಕದ ಹುಡುಗನನ್ನೇ ನೋಡೋಣ. ಒಂದು ಮೀಟರಿನ ಲೋಲಕದ ಆಂದೋಲನ ನಮ್ಮ ನಾಡಿನಲ್ಲಿ ಸುಮಾರು ೨.೦೦೯ ಸೆಕೆಂಡು. ಅವನು ಪಡೆದ ೨.೧೩೭ರಲ್ಲಿ ಬೆರಳಿನ ಪಾಲು ೦.೧೨೮. ಅದರಿಂದ ಗುರುತ್ವವನ್ನು ಲೆಕ್ಕ ಹಾಕಿದರೆ ೯.೭೮ರ ಬದಲು ೮.೬೪ ಎಂಬ ಉತ್ತರ ಬರುತ್ತದೆ. ಅದೇ ಹುಡುಗ, ಅದೇ ಬೆರಳು, ಅದೇ ತಪ್ಪು. ಆದರೆ ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಅಳೆದು ಇಪ್ಪತ್ತರಿಂದ ಭಾಗಿಸಲಿ. ತಪ್ಪೂ ಇಪ್ಪತ್ತು ಪಾಲಾಗಿ ಹರಿದು, ಉತ್ತರ ೯.೭೨ಕ್ಕೆ ಬಂದು ನಿಲ್ಲುತ್ತದೆ. ಮೂರು ದಶಾಂಶದ ತಂತ್ರಾಂಶ ಕೊಡಲಾರದ ನಿಖರತೆಯನ್ನು ‘ಇಪ್ಪತ್ತರವರೆಗೆ ಎಣಿಸು’ ಎಂಬ ಉಪಾಧ್ಯಾಯರ ಹಳೆಯ ಮಾತು ಕೊಡುತ್ತದೆ. ಹಲವು ಸಲ ಅಳೆದು ಸರಾಸರಿ ತೆಗೆಯುವುದೂ, ಆರಂಭ ಕೊನೆಗಳೆರಡನ್ನೂ ಲೋಲಕ ಒಂದೇ ಜಾಗವನ್ನು ದಾಟುವಾಗ ಗುರುತಿಸುವುದೂ ಇದೇ ಜಾತಿಯ ಉಪಾಯಗಳು.

ಇನ್ನೂ ಹೆಚ್ಚಿನ ಸೂಕ್ಷ್ಮತೆ ಬೇಕಾದರೆ ಬೆರಳನ್ನೇ ದೂರ ಇಡಬೇಕು. ಕಂಪ್ಯೂಟರು ಧ್ವನಿಯನ್ನು ಮುದ್ರಿಸಿಕೊಳ್ಳುವಾಗ ಸಾಮಾನ್ಯವಾಗಿ ಸೆಕೆಂಡಿಗೆ ೪೪,೧೦೦ ಸಲ ಅದನ್ನು ಅಳೆಯುತ್ತದೆ. ನೆಲದ ಮೇಲೆ ಪುಟಿಯುವ ಚೆಂಡಿನ ಸದ್ದನ್ನು ಮುದ್ರಿಸಿ, ತೆರೆಯ ಮೇಲಿನ ಅಲೆಗಳಲ್ಲಿ ಒಂದು ಪುಟಿತಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಓದಿದರೆ, ಅಲ್ಲಿ ಮಿಲಿಸೆಕೆಂಡಿಗೆ ನಿಜವಾದ ಅರ್ಥವಿರುತ್ತದೆ. ಸೆಕೆಂಡಿಗೆ ೨೪೦ ಚಿತ್ರಗಳನ್ನು ಹಿಡಿಯುವ ಮೊಬೈಲು ಕ್ಯಾಮೆರಾದಲ್ಲಿ ಓಟದ ಕೊನೆಯನ್ನು ಹಿಡಿದರೆ ನಾಲ್ಕು ಮಿಲಿಸೆಕೆಂಡಿನ ಭೇದವನ್ನು ಕಣ್ಣಾರೆ ಎಣಿಸಬಹುದು.

ಸಂಪಾದಿಸಿದ ಅಂಕಿ, ಎರವಲು ಅಂಕಿ

ಸಂಪಾದಿಸಿದ ಅಂಕಿ ಎಷ್ಟು ಕಠೋರವಾಗಿರಬಲ್ಲದೆಂಬುದನ್ನು ಭಾರತೀಯರು ಮರೆತಿಲ್ಲ. ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ೪೦೦ ಮೀಟರ್ ಹರ್ಡಲ್ಸ್ ಓಡಿದ ಪಿ. ಟಿ. ಉಷಾ ಅವರ ವೇಳೆ ೫೫.೪೨, ಕಂಚಿನ ಪದಕ ಪಡೆದ ರುಮೇನಿಯದ ಕೊಜೊಕಾರು ಅವರದು ೫೫.೪೧. ಆ ವೇಗದಲ್ಲಿ ನೂರರಲ್ಲೊಂದು ಸೆಕೆಂಡು ಎಂದರೆ ಏಳು ಸೆಂಟಿಮೀಟರು. ನೋವಿನ ಮಾತೇ ಸರಿ. ಆದರೆ ಅದು ಯಾರ ಬೆರಳೂ ತಾಗದ ಅಂಕಿ. ಅದರೆದುರು ಇನ್ನೊಂದನ್ನಿಟ್ಟು ನೋಡಿ. ೨೦೨೦ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರಿನ ಕೆಸರಿನ ಓಟವನ್ನು ಕೋಣಗಳೊಡನೆ ೧೩.೬೨ ಸೆಕೆಂಡುಗಳಲ್ಲಿ ಮುಗಿಸಿದರು. ಅದಕ್ಕೆ ತ್ರೈರಾಶಿ ಹಾಕಿ ನೂರು ಮೀಟರಿಗೆ ೯.೫೫ ಎಂದು ಲೋಕವೆಲ್ಲ ಸಾರಿತು. ಉಸೇನ್ ಬೋಲ್ಟರ ೯.೫೮ರೊಡನೆ ಹೋಲಿಸಿತು. ೯.೫೫ನ್ನು ಯಾವ ಗಡಿಯಾರವೂ ಅಳೆದಿರಲಿಲ್ಲ. ಅದು ಭಾಗಾಕಾರದ ಕೂಸು. ಪರೀಕ್ಷೆಗೆ ಕರೆ ಬಂದಾಗ ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ವಿನಯದಿಂದ ಹಿಂದೆ ಸರಿದ ಗೌಡರಿಗೆ ಅಂಕಿಯ ಮರ್ಮ ಅದನ್ನು ಹಬ್ಬಿಸಿದವರಿಗಿಂತ ಚೆನ್ನಾಗಿ ತಿಳಿದಿತ್ತು.

ಅತಿ ಸೂಕ್ಷ್ಮವಾದ ಯಂತ್ರವಿದ್ದಾಗಲೂ ಎಲ್ಲಿ ನಿಲ್ಲಬೇಕೆಂಬುದನ್ನು ಕಲಿತವರು ಈಜಿನ ಲೋಕದವರು. ೧೯೭೨ರ ಮ್ಯೂನಿಚ್ ಒಲಿಂಪಿಕ್ಸಿನ ೪೦೦ ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ೪ ನಿಮಿಷ ೩೧.೯೮೧ ಸೆಕೆಂಡಿನಲ್ಲಿಯೂ, ಅಮೆರಿಕದ ಟಿಮ್ ಮೆಕೀ ೪ ನಿಮಿಷ ೩೧.೯೮೩ರಲ್ಲಿಯೂ ಮುಟ್ಟಿದರು, ಚಿನ್ನ ಬೆಳ್ಳಿಗಳು ಆ ಲೆಕ್ಕದಂತೆ ಹಂಚಿಹೋದವು. ಎರಡು ಮಿಲಿಸೆಕೆಂಡಿನಲ್ಲಿ ಆ ಈಜುಗಾರರು ಸಾಗುತ್ತಿದ್ದುದು ಮೂರು ಮಿಲಿಮೀಟರಿಗೂ ಕಡಿಮೆ. ಎಲ್ಲ ಓಣಿಗಳ ಉದ್ದವೂ ಅಷ್ಟು ಕರಾರುವಾಕ್ಕಾಗಿರುವಂತೆ ಕೊಳದ ಗೋಡೆಯನ್ನು ಯಾವ ಮೇಸ್ತ್ರಿ ಕಟ್ಟಿಯಾನು? ಆಮೇಲೆ ಈಜಿನ ಸ್ಪರ್ಧೆಗಳಲ್ಲಿ ನೂರನೆಯ ಪಾಲಿಗೇ ನಿಲ್ಲುವುದೆಂದು ತೀರ್ಮಾನವಾಯಿತು. ೨೦೧೬ರಲ್ಲಿ ರಿಯೊದ ೧೦೦ ಮೀಟರ್ ಚಿಟ್ಟೆ ಈಜಿನಲ್ಲಿ ಮೈಕೆಲ್ ಫೆಲ್ಪ್ಸ್, ಚಾಡ್ ಲೆ ಕ್ಲೊ, ಲಾಸ್ಲೊ ಚೆಹ್ ಮೂವರೂ ೫೧.೧೪ರಲ್ಲಿ ಮುಟ್ಟಿದಾಗ ಮೂವರಿಗೂ ಬೆಳ್ಳಿಯನ್ನೇ ಕೊಟ್ಟರು. ಯಂತ್ರಕ್ಕೆ ಇನ್ನೂ ಸೀಳುವ ಶಕ್ತಿಯಿತ್ತು, ಮನುಷ್ಯರು ಬೇಡವೆಂದರು.

ನಮ್ಮ ಕ್ರೀಡಾದಿನದ ಇಬ್ಬರು ಹುಡುಗಿಯರ ವಿಷಯಕ್ಕೂ ಇದಕ್ಕಿಂತ ಬೇರೆ ನ್ಯಾಯವಿಲ್ಲ. ೧೩.೪೨೬, ೧೩.೪೩೧ ಎರಡೂ ಕೈಯಿಂದ ಅಳೆದವು. ನಿಯಮದಂತೆ ಬರೆದರೆ ಎರಡೂ ೧೩.೫. ಅವೆರಡರ ನಡುವಿನ ಐದು ಮಿಲಿಸೆಕೆಂಡು ಮೇಷ್ಟರ ಬೆರಳಿನದು, ಹುಡುಗಿಯರ ಕಾಲಿನದಲ್ಲ. ಇಬ್ಬರನ್ನೂ ಒಟ್ಟಿಗೆ ಇನ್ನೊಮ್ಮೆ ಓಡಿಸಬಹುದು. ಹೊತ್ತು ಮೀರಿದ್ದರೆ ಇಬ್ಬರಿಗೂ ಮೊದಲ ಬಹುಮಾನವನ್ನೇ ಕೊಡಬಹುದು. ಅದಕ್ಕೆ ತಗಲುವುದು ಇನ್ನೊಂದು ಬಟ್ಟಲಿನ ಖರ್ಚು ಮಾತ್ರ.