ಗಾರೆಯ ಗೋಡೆಗಳು: ಹಳೆಯ ರೈಲು ನಿಲ್ದಾಣಗಳ ಜೀರ್ಣೋದ್ಧಾರ

ಯಲಹಂಕ–ಚಿಕ್ಕಬಳ್ಳಾಪುರ ರೈಲುಮಾರ್ಗವು 1915ರಲ್ಲಿ ನ್ಯಾರೋಗೇಜ್ ಹಳಿಯ ಮೇಲೆ ಆರಂಭವಾಯಿತು. ಈ ಮಾರ್ಗದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳ ಹಳೆಯ ಕಟ್ಟಡಗಳ ಜೀರ್ಣೋದ್ಧಾರವನ್ನು 2020ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯು ರೈಲ್ವೆಯ ಸಹಯೋಗದೊಡನೆ ಕೈಗೆತ್ತಿಕೊಂಡಿತು. ಇಂತಹ ಕಾರ್ಯದ ಮೂಲತತ್ತ್ವವೊಂದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೀರ್ಣೋದ್ಧಾರವೆಂದರೆ ಹಳೆಯ ಕಟ್ಟಡಕ್ಕೆ ಹೊಸತನದ ತೋರಿಕೆ ನೀಡುವುದಲ್ಲ. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಯು ನೆಲದಿಂದ ಹೀರಿದ ತೇವವನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವವು ಒಳಗೇ ಉಳಿಯುತ್ತದೆ. ಅದರೊಡನೆ ಬಂದ ಲವಣವು ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಯಾಗಿಸುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೆ ಸಡಿಲಗೊಳ್ಳುತ್ತದೆ. ಆದ್ದರಿಂದ ಮೊದಲು ಮಾಡಿನ ಸೋರಿಕೆಯನ್ನು ತಡೆದು, ಬುಡದಲ್ಲಿ ನಿಲ್ಲುವ ನೀರಿಗೆ ದಾರಿ ಮಾಡಿ, ಸಿಮೆಂಟನ್ನು ಎಚ್ಚರದಿಂದ ಕೆತ್ತಿ ತೆಗೆದು, ಅನಂತರ ಗಾರೆಯಿಂದಲೇ ದುರಸ್ತಿ ಮಾಡುವುದು ಸರಿಯಾದ ಕ್ರಮ.

ಈ ವಿವೇಕವು ರೈಲು ನಿಲ್ದಾಣಗಳಿಗಷ್ಟೇ ಸೀಮಿತವಲ್ಲ. ಶಿರಾದ ಮಲಿಕ್ ರೀಹಾನನ ಗೋರಿ (1651) ಮತ್ತು ಜುಮ್ಮಾ ಮಸೀದಿ (1696) ಸಿಮೆಂಟ್ ಪೂರ್ವಕಾಲದವು. ಮಧುಗಿರಿ, ಪಾವಗಡಗಳ ಕೋಟೆಗಳೂ ಹಾಗೆಯೇ. ಇವುಗಳ ದುರಸ್ತಿಗೆ ಹಣದಷ್ಟೇ ಮುಖ್ಯವಾದುದು ಸುಣ್ಣವನ್ನು ಹದಗೊಳಿಸಬಲ್ಲವರ ತಿಳಿವಳಿಕೆ. ಇಂದು ‘ಗಾರೆ ಕೆಲಸ’ವೆಂದರೆ ಬಹುಮಟ್ಟಿಗೆ ಸಿಮೆಂಟಿನ ಕೆಲಸವೆಂದೇ ಅರ್ಥ. ಪದ ಉಳಿದಿದೆ, ಅದರೊಳಗಿನ ಸುಣ್ಣ ಮರೆಯಾಗುತ್ತಿದೆ. ಹಿರಿಯ ಕೆಲಸಗಾರರ ಬಳಿ ಉಳಿದಿರುವ ಹದ, ಅಳತೆ ಹಾಗೂ ವೃತ್ತಿಪದಗಳನ್ನು ದಾಖಲಿಸುವುದು ಕನ್ನಡ ಸಂಶೋಧನೆಯ ಕರ್ತವ್ಯವೂ ಹೌದು. ಆ ತಿಳಿವಳಿಕೆ ಅಳಿದರೆ ಗೋಡೆಗಳನ್ನು ಉಳಿಸುವ ದಾರಿಯೂ ಮುಚ್ಚಿಹೋಗುತ್ತದೆ.