ಹಿರಿಯರ ಅಂಜಿಕೆ, ಕಿರಿಯರ ಶಿಕ್ಷೆ



ಗುಡಿಯಿಂದ ಮರಳುತ್ತಿರುವ ಮುಪ್ಪಿನ ತಾಯಿಯನ್ನು ಹದಿಹರೆಯದ ಹುಡುಗರು ಕೆಡವಿ ಕೊರಳ ಬೋರಮಾಳವನ್ನು ಕಿತ್ತೊಯ್ದರೆ, ಹೋಗುವುದು ಬಂಗಾರವೊಂದೇ ಅಲ್ಲ. ಅಂದಿನಿಂದ ಆಕೆ ಹೊಸ್ತಿಲು ದಾಟಲು ಅಂಜುತ್ತಾಳೆ. ಇಂಥವರನ್ನು ಜೀವನವಿಡೀ ಸೆರೆಯಲ್ಲಿಡಿರೆಂದು ಜನ ನುಡಿಯುತ್ತಾರೆ. ಆ ಸಿಟ್ಟು ನಮಗೂ ಬಂದದ್ದುಂಟು.

ಕಾಯಿದೆ ಹಾಗೆನ್ನುವುದಿಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ 18 ತುಂಬದವರ ವಿಚಾರಣೆ ನಡೆಯುವುದು ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರುಳ್ಳ ಮಂಡಳಿಯಲ್ಲಿ. ಅದು ಹೆಚ್ಚೆಂದರೆ 3 ವರ್ಷ ವಿಶೇಷ ಗೃಹದಲ್ಲಿರಿಸಬಹುದು. ಮಾರಕಾಯುಧ ಬಳಸಿ ಇಲ್ಲವೆ ತೀವ್ರವಾಗಿ ಗಾಯಗೊಳಿಸಿ ಸುಲಿದರೆ, 2023ರ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕನಿಷ್ಠ 7 ವರ್ಷಗಳ ಶಿಕ್ಷೆಯುಂಟು. ಆಗ ಅದು ಘೋರ ಅಪರಾಧವಾಗುತ್ತದೆ. 16 ತುಂಬಿದವನ ತಿಳಿವಳಿಕೆಯನ್ನು ಪರೀಕ್ಷಿಸಿ ಮಂಡಳಿಯು ಅವನನ್ನು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಅಲ್ಲಿಯೂ ಮರಣದಂಡನೆಯಿಲ್ಲ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿ ಸೆರೆಯೂ ಇಲ್ಲ.

ಇದು ಸಡಿಲತನವೇ? ನಮ್ಮ ರನ್ನ ಬೆಳಗಲಿಯ ಕವಿ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಅಭಿಮನ್ಯುವಿನ ಶವದೆದುರು ನಿಲ್ಲಿಸುತ್ತಾನೆ, ಹಗೆಯ ಮಗನನ್ನು ಕಂಡು ಆ ಛಲದಂಕಮಲ್ಲನ ಮನವೂ ಕರಗುತ್ತದೆ. ಆದರೆ ಕರುಣೆಯೆಂದರೆ ತಪ್ಪನ್ನು ಮರೆಮಾಚುವುದಲ್ಲ. ಸಮುದಾಯ ಸೇವೆಗೆ ಹಚ್ಚಲು, ಪಾಲಕರಿಂದ ದಂಡ ಕಟ್ಟಿಸಲು ಮಂಡಳಿಗೆ ಅಧಿಕಾರವಿದೆ. ಕಾಯಕ ಕಲಿಸದ ಶಿಕ್ಷೆ ಅರೆ ಶಿಕ್ಷೆಯೇ ಸರಿ. ನೊಂದ ತಾಯಿಯ ಅಂಜಿಕೆ ಕಳೆಯದ ಕರುಣೆಯೂ ಅರೆ ಕರುಣೆಯೇ.

ಮಗನ ಕಿಸೆಯಲ್ಲಿ ಲೆಕ್ಕವಿಲ್ಲದ ಹಣ ಕಂಡರೆ ಎಲ್ಲಿಯದೆಂದು ಕೇಳಿರಿ. ಸಂಜೆ ಓಣಿಯ ಅಜ್ಜಿ ಗುಡಿಗೆ ಹೊರಟರೆ ಅವನನ್ನೇ ಜೊತೆಗೆ ಕಳುಹಿರಿ. ನ್ಯಾಯದ ಮೊದಲ ಪಾಠ ಮನೆಯ ಅಂಗಳದಲ್ಲಿಯೇ ಆಗಬೇಕು.