ಕಾಯಿ ಸತ್ತರೆ ಆಡುವವನೂ ಸಾಯಬೇಕೆ?

ಶಹಾಬಾದದ ನುಣುಪುಗಲ್ಲು ಹಾಸಿದ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ೨೫ ಮನೆಗಳನ್ನು ಗೀಚಿ, ನಾಲ್ಕು ಕವಡೆಗಳನ್ನು ಉರುಳಿಸಿ ಚೌಕಾಬಾರ ಆಡಿದವರಿಗೆ ಎರಡು ಮಾತುಗಳು ಚಿರಪರಿಚಿತವಾದುವು. ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’. ಎದುರಾಳಿಯ ಕೈಗೆ ಸಿಕ್ಕ ಕಾಯಿ ‘ಸತ್ತಿತು’. ಸತ್ತ ಕಾಯಿ ಮರಳಿ ತಾನು ಹೊರಟ ಮನೆಯಿಂದಲೇ ಹೊರಡುತ್ತದೆ. ಆಡುವವನಿಗೆ ಮೋರೆ ಸಪ್ಪಗಾಗುವುದಕ್ಕಿಂತ ಹೆಚ್ಚಿನ ಹಾನಿಯೇನೂ ಇಲ್ಲ. ಕಾಯಿಗೂ ಅದನ್ನು ನಡೆಸುವ ಕೈಗೂ ನಡುವೆ ಇರುವ ಈ ಅಂತರವೇ ಆಟವನ್ನು ಆಟವನ್ನಾಗಿ ಉಳಿಸಿರುವುದು.

ಈ ಅಂತರವನ್ನು ಅಳಿಸಿಬಿಟ್ಟರೆ ಏನಾದೀತು? ಜಪಾನಿನ ಲೇಖಕ ರೆಕಿ ಕವಾಹರಾ ಅವರು ಈ ಒಂದೇ ಪ್ರಶ್ನೆಯ ಮೇಲೆ ಒಂದು ಅದ್ಭುತ ಕಾದಂಬರಿಯನ್ನು ಕಟ್ಟಿದ್ದಾರೆ. ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಎಂಬ ಆ ಕೃತಿಯನ್ನು ಅವರು ಸ್ಪರ್ಧೆಯೊಂದಕ್ಕಾಗಿ ೨೦೦೨ರ ಸುಮಾರಿಗೆ ಬರೆದರು. ಅದು ನಿಗದಿಯಾದ ಪುಟಗಳ ಮಿತಿಯನ್ನು ಮೀರಿ ಬೆಳೆದುದರಿಂದ ಸ್ಪರ್ಧೆಗೆ ಹೋಗಲಿಲ್ಲ. ಅಂತರ್ಜಾಲದಲ್ಲಿ ಕಂತುಕಂತಾಗಿ ಹೊರಬಂದು, ೨೦೦೯ರಲ್ಲಿ ಪುಸ್ತಕವಾಯಿತು. ಹತ್ತು ಸಾವಿರ ಮಂದಿ ಆಟಗಾರರು ತಲೆಗೆ ಒಂದು ಯಾಂತ್ರಿಕ ಶಿರಸ್ತ್ರಾಣವನ್ನು ಧರಿಸಿ, ಆಕಾಶದಲ್ಲಿ ತೇಲುವ ನೂರು ಅಂತಸ್ತಿನ ಕೋಟೆಯೊಂದರೊಳಗೆ ಕನಸಿನಲ್ಲೆಂಬಂತೆ ಪ್ರವೇಶಿಸುತ್ತಾರೆ. ಹೊಕ್ಕ ಮೇಲೆ ತಿಳಿಯುತ್ತದೆ, ಹೊರಬರುವ ದಾರಿಯನ್ನು ಮುಚ್ಚಲಾಗಿದೆ ಎಂದು. ಆಟದಲ್ಲಿ ಸತ್ತವನು ಮಲಗಿದ ಮಂಚದ ಮೇಲೆಯೂ ಸಾಯುತ್ತಾನೆ. ನೂರನೆಯ ಅಂತಸ್ತನ್ನು ಗೆದ್ದ ದಿನವೇ ಉಳಿದವರಿಗೆ ಬಿಡುಗಡೆ. ಕಥೆ ಆರಂಭವಾಗುವುದು ೨೦೨೨ರ ನವೆಂಬರಿನಲ್ಲಿ. ಆ ವರ್ಷ ಕಳೆದೇ ಹೋಯಿತು. ಪ್ರಾಣ ತೆಗೆಯುವ ಶಿರಸ್ತ್ರಾಣ ಮಾತ್ರ ಪೇಟೆಗೆ ಬರಲಿಲ್ಲವೆಂಬುದು ಸಮಾಧಾನದ ವಿಷಯ.

ಈ ಕಾದಂಬರಿಯ ಬಗ್ಗೆ ಓದುಗರಲ್ಲಿ ಇರುವಷ್ಟು ಭಿನ್ನಾಭಿಪ್ರಾಯ ಬೇರೆ ಜನಪ್ರಿಯ ಕೃತಿಗಳ ಬಗ್ಗೆ ವಿರಳ. ಮೆಚ್ಚಿದವರು ಕತ್ತಿಕಾಳಗಗಳಿಗಿಂತ ಹೆಚ್ಚಾಗಿ ೨೨ನೆಯ ಅಂತಸ್ತಿನ ಕೆರೆಯ ದಂಡೆಯನ್ನು ನೆನೆಯುತ್ತಾರೆ. ಅಲ್ಲಿ ನಾಯಕ ನಾಯಕಿಯರು ಮರದ ಮನೆಯೊಂದನ್ನು ಕೊಂಡು ಕೆಲವು ದಿನ ಸಂಸಾರ ಹೂಡುತ್ತಾರೆ. ಅಲ್ಲಿಯೇ ವಯಸ್ಸಾದ ಒಬ್ಬ ಗೃಹಸ್ಥನು ಗಾಳ ಹಾಕಿಕೊಂಡು ಕುಳಿತಿರುತ್ತಾನೆ. ಆತನಿಗೆ ಯುದ್ಧದ ಗೊಡವೆಯಿಲ್ಲ. ಮನೆ, ನೌಕರಿ ಎಲ್ಲವನ್ನೂ ಆಚೆ ಬಿಟ್ಟು ಸಿಕ್ಕಿಬಿದ್ದವನು ಮೀನು ಹಿಡಿಯುತ್ತ ದಿನಗಳನ್ನು ನೂಕುತ್ತಿದ್ದಾನೆ. ಕೆರೆ ಸುಳ್ಳು, ಮೀನೂ ಸುಳ್ಳು. ಆದರೆ ಆ ಮುದುಕನ ಬೇಸರ ಸುಳ್ಳಲ್ಲ. ಕೃತಿಯ ನಿಜವಾದ ಶಕ್ತಿ ಇಂಥ ಎಡೆಗಳಲ್ಲಿದೆ ಎಂಬ ಅಭಿಪ್ರಾಯವನ್ನು ತಳ್ಳಿಹಾಕುವಂತಿಲ್ಲ.

ಆಕ್ಷೇಪಿಸುವವರ ಮಾತಿನಲ್ಲಿಯೂ ಹುರುಳಿದೆ. ನಾಯಕನಿಗೆ ಸರಿಸಾಟಿಯಾದವರು ಅಪರೂಪ. ಗೆಲ್ಲುವನೆಂದು ಮೊದಲೇ ಗೊತ್ತಿರುವ ಪೈಲ್ವಾನನ ಕುಸ್ತಿಯನ್ನು ಎಷ್ಟು ಹೊತ್ತು ನೋಡುವುದು? ಮೊದಲ ಭಾಗದಲ್ಲಿ ಸರಿಸಮನಾಗಿ ಹೋರಾಡಿದ ನಾಯಕಿ ಮೂರು ನಾಲ್ಕನೆಯ ಸಂಪುಟಗಳಲ್ಲಿ ಪಂಜರದಲ್ಲಿ ಕುಳಿತು ಬಿಡುಗಡೆಗಾಗಿ ಕಾಯುವವಳಾಗುತ್ತಾಳೆ. ಇದು ಅನೇಕರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಸಹಿಸದಾಯಿತು. ಎಲ್ಲಕ್ಕಿಂತ ದೊಡ್ಡ ದೂರು ಇನ್ನೊಂದು. ಮೊದಲ ಸಂಪುಟದಲ್ಲಿ ಆಟ ಆರಂಭವಾದ ಸ್ವಲ್ಪದರಲ್ಲಿಯೇ ಕಥೆ ಎರಡು ವರ್ಷಗಳನ್ನು ಹಾರಿ ೭೪ನೆಯ ಅಂತಸ್ತಿಗೆ ನೆಗೆಯುತ್ತದೆ. ನಡುವೆ ಸತ್ತ ಸಾವಿರಾರು ಜನರ ಕಥೆ ಎಲ್ಲಿ? ಸಾವಿಗೆ ಬೆಲೆಯಿದೆಯೆಂದು ಹೇಳಿದವರು ಸಾವುಗಳನ್ನು ಹೀಗೆ ದಾಟಿಹೋಗಬಹುದೆ?

ಹಿರಿಯರು ಕೇಳುವ ಪ್ರಶ್ನೆ ಬೇರೆ. ಕಾದಂಬರಿಯೇ ಕಲ್ಪನೆ, ಅದರೊಳಗೆ ಇನ್ನೊಂದು ಕಲ್ಪನೆಯ ಆಟ, ಸುಳ್ಳಿನ ಹೊಟ್ಟೆಯಲ್ಲಿ ಸುಳ್ಳು. ಓದುವ ವಯಸ್ಸಿನ ಹುಡುಗರು ಇದರಲ್ಲಿ ಕಾಲಹರಣ ಮಾಡುವುದು ಯಾವ ಪುರುಷಾರ್ಥಕ್ಕೆ? ಈ ಪ್ರಶ್ನೆ ಹೊಸದೆಂದು ತೋರಬಹುದು. ಆದರೆ ಕಲಬುರಗಿ ಜಿಲ್ಲೆಯ ಪೂರ್ವಭಾಗದ ಊರುಗಳಿದ್ದ ಸಂಸ್ಥಾನದಲ್ಲಿ ಇದು ನೂರು ವರ್ಷಕ್ಕೂ ಹಳೆಯದು.

ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ರೈಲುದಾರಿ ತೆರೆದುದು ೧೮೭೪ರಲ್ಲಿ. ೧೯೪೮ರ ಸೆಪ್ಟೆಂಬರಿನವರೆಗೆ ಈ ಸೀಮೆಯೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದೂ. ಕನ್ನಡ ಮನೆಮಾತಿನ ಹುಡುಗನೂ ಶಾಲೆಯಲ್ಲಿ ಉರ್ದೂ ಕಲಿಯಬೇಕಾಗಿತ್ತು. ಆ ಉರ್ದೂವಿನಲ್ಲಿ ಅತ್ಯಂತ ಜನಪ್ರಿಯವಾದ ಅದ್ಭುತ ಕಥಾಮಾಲಿಕೆಯೆಂದರೆ ‘ತಿಲಿಸ್ಮ್-ಎ-ಹೋಶ್‌ರುಬಾ’. ಲಖನೌದ ನವಲ್ ಕಿಶೋರ್ ಮುದ್ರಣಾಲಯ ಅದನ್ನು ೧೮೮೩ರಿಂದ ೧೮೯೩ರ ವರೆಗೆ ಏಳು ಸಂಪುಟಗಳಲ್ಲಿ ಪ್ರಕಟಿಸಿತು. ಮೊದಲ ನಾಲ್ಕನ್ನು ಮುಹಮ್ಮದ್ ಹುಸೇನ್ ಜಾಹ್, ಉಳಿದವನ್ನು ಅಹ್ಮದ್ ಹುಸೇನ್ ಕಮರ್ ರಚಿಸಿದರು.

ತಿಲಿಸ್ಮ್ ಎಂದರೆ ಮಂತ್ರವಾದಿಯು ನಿರ್ಮಿಸಿದ ಮಾಯಾಲೋಕ. ಜಿಂಕೆಯ ಬೆನ್ನುಹತ್ತಿ ಅಮೀರ್ ಹಮ್ಜಾನ ಮಗನೊಬ್ಬನು ಆ ಲೋಕದ ಎಲ್ಲೆಯನ್ನು ದಾಟಿ ಸೆರೆಸಿಕ್ಕುತ್ತಾನೆ. ಅವನನ್ನು ಬಿಡಿಸಲು ಹಮ್ಜಾನ ಮೊಮ್ಮಗ ಅಸದ್ ಹೊರಡುತ್ತಾನೆ. ಅಲ್ಲಿ ಅಫ್ರಾಸಿಯಾಬನೆಂಬ ಮಾಂತ್ರಿಕ ರಾಜನ ಆಳ್ವಿಕೆ. ಕಾಣುವ ಪ್ರದೇಶ, ಮರೆಯ ಪ್ರದೇಶ, ಕತ್ತಲೆಯ ಪ್ರದೇಶ ಎಂದು ಲೋಕಕ್ಕೆ ಮೂರು ಭಾಗ. ಇಂಥ ಲೋಕವನ್ನು ಕಟ್ಟುವಾಗಲೇ ಅದನ್ನು ಒಡೆಯುವ ಬಗೆಯನ್ನು ತಿಳಿಸುವ ಒಂದು ಫಲಕವನ್ನೂ ಸಿದ್ಧಪಡಿಸಿರಬೇಕೆಂಬುದು ನಿಯಮ. ಫಲಕ ಕೈಗೆ ಬಾರದೆ ಜಯವಿಲ್ಲ. ಹಮ್ಜಾನ ಬಂಟ ಅಮರ್ ಅಯ್ಯಾರನ ಹೆಗಲಲ್ಲಿ ಜಂಬೀಲ್ ಎಂಬ ಚೀಲವೊಂದಿದೆ. ಅದರಲ್ಲಿ ಏನನ್ನು ಹಾಕಿದರೂ ತುಂಬದು, ಬೇಕಾದುದೆಲ್ಲ ಹೊರಬರುವುದು. ಇಂದಿನ ಗಣಕದಾಟಗಳಲ್ಲಿ ವೀರನು ಹತ್ತು ಕತ್ತಿ, ಇಪ್ಪತ್ತು ಕವಚಗಳನ್ನು ಹೊತ್ತು ಹಗುರಾಗಿ ಓಡಾಡುವ ಚೀಲವನ್ನು ಕಂಡು ಬೆರಗಾಗುವವರು ಅಮರ್ ಅಯ್ಯಾರನನ್ನು ಒಮ್ಮೆ ನೆನೆಯಬೇಕು. ಎಲ್ಲೆಯಿದೆ, ನಿಯಮವಿದೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಕಷ್ಟವಿದೆ, ಹೊರಬಾಗಿಲಿಗೆ ಒಂದೇ ಬೀಗದ ಕೈಯಿದೆ. ವಿದ್ಯುತ್ತೊಂದನ್ನು ಬಿಟ್ಟರೆ ಕವಾಹರಾ ಅವರ ಕೋಟೆಗೆ ಬೇಕಾದ ಸರಕೆಲ್ಲ ಇಲ್ಲಿ ಇದೆ.

ಇಂಥ ಕಥೆಗಳ ಮೇಲೂ ಓದುಗರ ಜಗಳ ನಡೆದಿತ್ತು. ೧೮೭೭ರಲ್ಲಿ ನಿಜಾಮ ಸಂಸ್ಥಾನದ ಸೇವೆಗೆ ಸೇರಿದ ಡೆಪ್ಯುಟಿ ನಜೀರ್ ಅಹ್ಮದ್ ಅವರು ತಮ್ಮ ‘ತೌಬತ್-ಉನ್-ನಸೂಹ್’ ಕಾದಂಬರಿಯಲ್ಲಿ, ಧರ್ಮನಿಷ್ಠನಾದ ತಂದೆಯು ಹಿರಿಯ ಮಗನ ಪುಸ್ತಕಗಳನ್ನೆಲ್ಲ ಬೆಂಕಿಗೆ ಹಾಕುವ ಪ್ರಸಂಗವನ್ನೇ ಚಿತ್ರಿಸಿದ್ದಾರೆ. ಹೋಶ್‌ರುಬಾ ಅಚ್ಚಾಗುವ ಮೊದಲೇ ಬಂದ ಕಾದಂಬರಿಯದು. ಶೃಂಗಾರದ, ವಿನೋದದ ಪುಸ್ತಕಗಳು ಹುಡುಗರನ್ನು ಕೆಡಿಸುತ್ತವೆಂಬ ಭಯ ಆ ಕಾಲದ ಸದ್ಗೃಹಸ್ಥರಲ್ಲಿ ಅಷ್ಟು ಬಲವಾಗಿತ್ತು. ಇತ್ತ ಗೋರಖಪುರದಲ್ಲಿ ಒಬ್ಬ ಬಡ ಹುಡುಗ ಹೋಶ್‌ರುಬಾವನ್ನು ಹಸಿದವನಂತೆ ಓದುತ್ತಿದ್ದನು. ಅವನು ಕೆಡಲಿಲ್ಲ, ಪ್ರೇಮಚಂದರಾದನು. ಮಾಂತ್ರಿಕರನ್ನು ಓದಿ ಬೆಳೆದವರು ರೈತನ ಸಾಲದ ಕಥೆಯನ್ನು ಬರೆದರು.

ಉರ್ದೂ ವಿಮರ್ಶಕ ಶಂಸುರ್ ರಹಮಾನ್ ಫಾರೂಕಿ ಅವರು (೧೯೩೫–೨೦೨೦) ಅಮೀರ್ ಹಮ್ಜಾನ ೪೬ ಸಂಪುಟಗಳನ್ನೂ ಓದಿ ಮುಗಿಸಿದ ಅಪರೂಪದ ಓದುಗರು. ಹೇಳಿ ಕೇಳುವ ಕಥೆಯನ್ನು ಅದರದೇ ನಿಯಮಗಳಿಂದ ಅಳೆಯಬೇಕು, ಕಾದಂಬರಿಯ ಗಜಕಡ್ಡಿಯಿಂದ ಅಲ್ಲ ಎಂಬುದು ಅವರ ನಿಲುವು. ಸತ್ಯವೋ ಸುಳ್ಳೋ ಎಂಬುದಕ್ಕಿಂತ, ತಾನೇ ಹಾಕಿಕೊಂಡ ಕಟ್ಟಳೆಗೆ ಕಥೆ ಬದ್ಧವಾಗಿದೆಯೋ ಇಲ್ಲವೋ ಎಂಬುದೇ ಇಲ್ಲಿ ಕೇಳಬೇಕಾದ ಮಾತು. ಹೋಶ್‌ರುಬಾದ ಮೊದಲ ಭಾಗ ಇಂಗ್ಲಿಷಿನಲ್ಲಿ ಹೊರಬಂದುದೂ ಕವಾಹರಾ ಅವರ ಮೊದಲ ಸಂಪುಟ ಅಚ್ಚಾದ ೨೦೦೯ರಲ್ಲಿಯೇ ಎಂಬುದು ಸ್ವಾರಸ್ಯದ ಸಂಗತಿ.

ರೈಲಿಲ್ಲದ ಚಿಂಚೋಳಿಯ ಕಡೆ, ತೆಲುಗು ಕನ್ನಡಗಳೆರಡೂ ಕಿವಿಗೆ ಬೀಳುವ ಗಡಿಸೀಮೆಯಲ್ಲಿ, ಇದನ್ನು ತಿಳಿಯಹೇಳಲು ‘ಮಾಯಾಬಜಾರ್’ (೧೯೫೭) ಚಿತ್ರವೊಂದೇ ಸಾಕು. ಘಟೋತ್ಕಚನು ಕೌರವರ ದಿಬ್ಬಣಕ್ಕಾಗಿ ಕ್ಷಣಾರ್ಧದಲ್ಲಿ ಸೃಷ್ಟಿಸುವ ಪಟ್ಟಣವು ಮಾಯೆಯೆಂಬುದು ಪ್ರೇಕ್ಷಕನಿಗೆ ಗೊತ್ತು, ಬೀಗರಿಗೆ ಮಾತ್ರ ಗೊತ್ತಿಲ್ಲ. ನಗು ಹುಟ್ಟುವುದೇ ಅದರಿಂದ.

ಆದರೆ ಪಣವಾಗಿ ಪ್ರಾಣವನ್ನೇ ಇಡಬೇಕೆ? ಕೊರಿಯಾದ ನಾಮ್ ಹೀ-ಸಂಗ್ ಅವರು ೨೦೦೭ರಲ್ಲಿ ಆರಂಭಿಸಿದ ‘ಬೆಳುದಿಂಗಳ ಶಿಲ್ಪಿ’ಯ ನಾಯಕನಿಗೆ ಆಟದಲ್ಲಿ ಸತ್ತರೂ ಮರುಜನ್ಮ ಉಂಟು. ಅವನನ್ನು ಕಾಡುವುದು ಬಡತನ. ಅಜ್ಜಿಯ ಕಾಯಿಲೆ, ತಂಗಿಯ ಓದು, ಬಾಗಿಲಲ್ಲಿ ನಿಂತ ಸಾಲಗಾರರು. ವರ್ಷಗಟ್ಟಲೆ ಬೆಳೆಸಿದ ತನ್ನ ಆಟದ ವೀರನನ್ನು ಮಾರಿ ಬಂದ ಹಣವೂ ಸಾಲಗಾರರ ಪಾಲಾಗುತ್ತದೆ. ಆಮೇಲೆ ಅವನು ಆಡುವುದು ವಿನೋದಕ್ಕಲ್ಲ, ಅನ್ನಕ್ಕೆ. ೫೦ಕ್ಕೂ ಹೆಚ್ಚು ಸಂಪುಟಗಳ ಈ ಕೃತಿ ಎಳೆದಾಡಿತೆಂಬ ದೂರಿದೆ, ನ್ಯಾಯವಾಗಿಯೇ ಇದೆ. ಆದರೂ ಸಿಮೆಂಟಿನ ಕಾರ್ಖಾನೆಯ ಸಂಬಳವನ್ನು, ಕಲ್ಲುಗಣಿಯ ದಿನಗೂಲಿಯನ್ನು ನಂಬಿದ ಮನೆಗಳ ವಾಚಕನಿಗೆ ತೇಲುವ ಕೋಟೆಗಿಂತ ಈ ಸಾಲದ ಚೀಟಿಯೇ ಹೆಚ್ಚು ನಿಜವೆನ್ನಿಸಿದರೆ ಆಶ್ಚರ್ಯವಿಲ್ಲ.

ಹೀಗೆ ತೂಗಿ ನೋಡಲು ಸಾಧಾರಣ ಓದುಗನಿಗೆ ಅಧಿಕಾರವೆಲ್ಲಿಯದು ಎಂದು ಪಂಡಿತರು ಕೇಳಬಹುದು. ಉತ್ತರ ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಇಂದಿನ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ತನ್ನ ಮೊದಲ ಪರಿಚ್ಛೇದವನ್ನು ಕಾವ್ಯದ ಗುಣದೋಷಗಳ ವಿವೇಚನೆಗೆ ಮೀಸಲಿಟ್ಟಿದೆ. ಅದೇ ಗ್ರಂಥ, ಈ ನಾಡಿನ ಜನ ಪಟ್ಟಾಗಿ ಕುಳಿತು ಓದದೆಯೂ ಕಾವ್ಯದಲ್ಲಿ ಪಳಗಿದ ಬುದ್ಧಿಯವರು, ಎಳೆಯ ಮಕ್ಕಳಿಗೂ ವಿವೇಕ ತಿಳಿಯುತ್ತದೆ ಎಂದು ಹೆಮ್ಮೆಯಿಂದ ಹೇಳಿದೆ. ಅಲ್ಲಿಂದ ದೂರವಲ್ಲದ, ಚಿತ್ತಾಪುರಕ್ಕೆ ಅಂಟಿಕೊಂಡಂತಿರುವ ನಾಗಾವಿಯ ಘಟಿಕಾಸ್ಥಾನದಲ್ಲಿ ಪುಸ್ತಕಗಳನ್ನು ನೋಡಿಕೊಳ್ಳಲೆಂದೇ ಆರು ಮಂದಿ ಸರಸ್ವತೀಭಂಡಾರಿಗರಿದ್ದರೆಂದು ೧೦೫೮ರ ಶಾಸನ ತಿಳಿಸುತ್ತದೆ. ಪುಸ್ತಕಕ್ಕೂ ಓದುಗನ ಮಾತಿಗೂ ಇಷ್ಟು ಬೆಲೆ ಕೊಟ್ಟ ಸೀಮೆಯಲ್ಲಿ, ಹದಿನೇಳರ ಹುಡುಗಿಯೊಬ್ಬಳು ಇಂಥ ಕಾದಂಬರಿಯನ್ನು ಓದಿ ‘ನಾಯಕಿಯನ್ನು ಪಂಜರದಲ್ಲಿಟ್ಟದ್ದು ಸರಿಯಲ್ಲ’ ಎಂದರೆ, ಮನೆಯವರು ಪುಸ್ತಕವನ್ನು ಕಸಿದಿಡುವುದಕ್ಕಿಂತ ‘ಏಕೆ ಸರಿಯಲ್ಲ?’ ಎಂದು ಕೇಳುವುದು ಲೇಸು. ಆಕೆಯ ಬಳಿ ಉತ್ತರವಿದ್ದೀತು.

ನೆಗೆದುಹೋದ ೭೩ ಅಂತಸ್ತುಗಳ ಬಗೆಗಿನ ದೂರಿಗೆ ಮಾತ್ರ ಕವಾಹರಾ ಅವರ ಲೇಖನಿಯಿಂದಲೇ ಪರಿಹಾರ ಬಂದಿದೆ. ೨೦೧೨ರಲ್ಲಿ ಅವರು ಅದೇ ಕಥೆಯನ್ನು ಮೊದಲ ಅಂತಸ್ತಿನಿಂದ, ಒಂದೊಂದೇ ಮೆಟ್ಟಿಲಾಗಿ ಮತ್ತೆ ಹೇಳತೊಡಗಿದರು. ನಾಯಕಿಗೂ ಇಲ್ಲಿ ಮೊದಲಿನಿಂದ ಸರಿಪಾಲು. ೨೦೨೨ರ ಹೊತ್ತಿಗೆ ಎಂಟು ಸಂಪುಟಗಳಾದುವು; ಕಥೆ ತಲುಪಿದ್ದು ಏಳನೆಯ ಅಂತಸ್ತನ್ನು. ಹತ್ತು ವರ್ಷಕ್ಕೆ ಏಳು ಅಂತಸ್ತುಗಳಾದರೆ ನೂರಕ್ಕೆ ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಿದ ಓದುಗರು ಈಗ ಹೊಸ ದೂರೊಂದನ್ನು ಹೊತ್ತು ನಿಂತಿದ್ದಾರೆ.